ಗೋಡೆ ಹತ್ತಿದ ಬೆರಳುಗಳು

ತನ್ನ ತುರುಬನ್ನು ತಾನೇ ಕಟ್ಟಿಕೊಂಡೆನೆಂದು ಯಾವ ಹೆಂಗಸೂ ಜಂಬ ಕೊಚ್ಚಿಕೊಂಡದ್ದನ್ನು ನಾನು ಕೇಳಿಲ್ಲ. ನಾನು ಕೊಚ್ಚಿಕೊಳ್ಳುತ್ತೇನೆ. ಇಚಲಕರಂಜಿಯ ಓಣಿ ಓಣಿಗೂ ವಿದ್ಯುತ್ ಮಗ್ಗ ಬರುತ್ತಿದ್ದ ಅರವತ್ತರ ದಶಕದಲ್ಲಿ, ಕೊಲ್ಲಾಪುರದ ಆಸ್ಪತ್ರೆಗೆ ಹೋಗಿ ಎಡಮೊಲೆಯ ಗಂಟನ್ನೂ ಅದರ ಜೊತೆಗೆ ಮೊಲೆಯನ್ನೂ ತೆಗೆಸಿಕೊಂಡು ಬಂದೆ. ಜೀವ ಉಳಿಯಿತು; ಎಡಗೈ ಮಾತ್ರ ಭುಜದಿಂದ ಮೇಲೆ ಏಳಲೊಲ್ಲದು. ಅತ್ತೆ ನನ್ನನ್ನು ಮುಂದೆ ಕೂರಿಸಿಕೊಂಡು ತಲೆ ಬಾಚುತ್ತಿದ್ದರು. ಅವರ ಪ್ರೀತಿಗೇನೂ ಕೊರತೆಯಿರಲಿಲ್ಲ, ಆದರೆ ಹಗ್ಗ ಹೊಸೆದ ಹಾಗೆ ಎಳೆದು ಬಿಗಿಯುತ್ತಿದ್ದರು. ಹುಬ್ಬು ಹಣೆಗೇರುತ್ತಿತ್ತು. ಇನ್ನು ಬದುಕಿರುವತನಕ ಹೀಗೇ ಒಬ್ಬರ ಮುಂದೆ ಬೆನ್ನು ಮಾಡಿ ಕೂರಬೇಕೇನೋ ಎಂದು ನನಗೆ ಭಯವಾಗಿತ್ತು, ಅಡುಗೆಮನೆಯಲ್ಲಿ ಈರುಳ್ಳಿಯ ನೆಪ ಹೇಳಿ ಅಳುತ್ತಿದ್ದೆ.

ಡಾಕ್ಟರಬಾಯಿ ಉಪಾಯ ಹೇಳಿಕೊಟ್ಟಿದ್ದರು. ಗೋಡೆಗೆ ಮುಖ ಮಾಡಿ ನಿಂತು ಬೆರಳುಗಳನ್ನು ಇರುವೆ ಹತ್ತಿದಂತೆ ಮೆಲ್ಲಗೆ ಮೇಲೆ ನಡೆಸಬೇಕು, ಸೆಳೆತ ಬಂದಲ್ಲಿ ನಿಂತು ಉಸಿರು ಬಿಟ್ಟು ಹಾಗೇ ಇಳಿಸಬೇಕು, ಹಟ ಮಾಡಬಾರದು. ಹಟ ನನ್ನ ತವರಿನ ಬಳುವಳಿ. ಒಂದು ದಿನ ಸಿಟ್ಟಿನಿಂದ ಒಮ್ಮೆಲೇ ಏರಿಸಿ ಸಂಜೆಯತನಕ ಮಲಗಿದ ಮೇಲೆ ಬುದ್ಧಿ ಬಂತು. ದಿನವೂ ಬೆರಳು ಮುಟ್ಟಿದ ಎತ್ತರಕ್ಕೆ ಇದ್ದಿಲಿನ ಗೆರೆ ಎಳೆಯತೊಡಗಿದೆ. ಮನೆಯೊಳಗೆ ಗೂಟ, ದೇವರ ಪಟ, ಚೀಲಗಳಿಲ್ಲದ ಗೋಡೆ ಪಡಸಾಲೆಯದೊಂದೇ. ಅಲ್ಲಿ ನಿಂತರೆ ಓಣಿಗೆಲ್ಲ ಕಾಣುತ್ತಿತ್ತು. ಎದೆಯ ಆಪರೇಷನ್ ಎಂದು ಹೇಳುವುದಕ್ಕೆ ಅತ್ತೆಗೆ ನಾಚಿಕೆ. ಓಣಿಗೂ ನೆಂಟರಿಗೂ ಹೊಟ್ಟೆಯದೆಂದೇ ಹೇಳಿದ್ದರು. ಹೊಟ್ಟೆ ಕೊಯ್ಸಿಕೊಂಡವಳು ಗೋಡೆ ಮೇಲೆ ಬೆರಳಾಡಿಸಿ ಗೆರೆ ಹಾಕುವುದೇಕೆ? ನಮ್ಮಂಥ ವ್ಯಾಪಾರಸ್ಥರ ಕೂಡುಮನೆಗಳಲ್ಲಿ ಪಡಸಾಲೆ ಅಳೆದರೆಂದರೆ ಅಣ್ಣತಮ್ಮಂದಿರು ವಾಟಣಿಯಾಗಿ, ಅಂದರೆ ಪಾಲಾಗಿ, ನಡುವೆ ಗೋಡೆ ಏಳುತ್ತದೆಂದೇ ಅರ್ಥ. ಎದುರುಮನೆಯಾಕೆ ಪಡಸಾಲೆ ಅಳೆಯುತ್ತಿದ್ದಾರೆಂಬ ಸುದ್ದಿಯನ್ನು ಗಡಹಿಂಗ್ಲಜಕ್ಕೆ ಹೊರಟಿದ್ದ ಯಾರದೋ ಕಿವಿಗೆ ಹಾಕಿದಳು.

ಗಡಹಿಂಗ್ಲಜದಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡುತ್ತಿದ್ದ ನಮ್ಮ ಭಾವನವರು ಮರುದಿನದ ಮೊದಲ ಬಸ್ಸಿಗೇ ಬಂದಿಳಿದರು. ನನ್ನ ಯಜಮಾನರ ಅಣ್ಣ. ಅವರ ಮುಂದೆ ನಾನು ತಲೆ ಮೇಲಿನ ಸೆರಗು ಜಾರಲು ಬಿಟ್ಟವಳಲ್ಲ, ಅವರೂ ನನ್ನೊಡನೆ ನೇರ ಮಾತಾಡಿದವರಲ್ಲ. ಇದ್ದಿಲಿನ ಗೆರೆಗಳನ್ನು ನೋಡಿದವರೇ ಅತ್ತೆಯ ಮುಂದೆ ಕೂತರು. ಕಣ್ಣಲ್ಲಿ ನೀರಿತ್ತು.

"ಅವ್ವಾ, ವಾಟಣಿ ಆಗೂದಿದ್ರ ನನಗೊಂದ ಮಾತ ಹೇಳಬೇಕಿತ್ತ. ಗ್ವಾಡಿ ಅಳಿಯೂತನಕ ಬಂತೇನ?"

ಹೊಟ್ಟೆಯೆಂದು ಹೇಳಿದ ಅತ್ತೆ ಈಗ ಯಾವ ಬಾಯಿಂದ ಎದೆ ಎಂದಾರು? ಯಜಮಾನರು ಕೆಮ್ಮಿದರು. ಆ ಮನುಷ್ಯ ಕಷ್ಟಕಾಲದಲ್ಲಿ ಕೆಮ್ಮುವುದೊಂದನ್ನು ಬಲ್ಲರು. ನಾನೇ ಬಾಗಿಲ ಮರೆಯಿಂದ ಹೊರಬಂದೆ.

"ಅಳತಿ ಅಲ್ರಿ ಅದು. ಎದಿ ಕೊಯ್ದಾರ, ಕೈ ಮ್ಯಾಲ ಏಳವಲ್ದು. ಅದಕ್ಕ ಏರಸಾಕತ್ತೇನಿ."

ಹೇಳಿದ್ದನ್ನು ಮಾಡಿ ತೋರಿಸಬೇಕಲ್ಲ. ಬೆರಳು ನಡೆಸಿದೆ. ನಿನ್ನೆಯ ಗೆರೆ ದಾಟಿತು. ಸೆಳೆತ ಬರುತ್ತದೆಂದು ಕಾದೆ, ಬರಲಿಲ್ಲ. ಕೈ ಹಾಗೇ ಹೋಗಿ ಪಕ್ಕದ ಬಾಗಿಲ ಚೌಕಟ್ಟಿನ ಮೇಲ್ಪಟ್ಟಿಯ ಎತ್ತರ ಮುಟ್ಟಿತು. ಖುಷಿ ತಡೆಯಲಾಗಲಿಲ್ಲ. ಅತ್ತೆ ಬಿಗಿದ ತುರುಬನ್ನು ಅಲ್ಲೇ ಬಿಚ್ಚಿ, ಎರಡೂ ಕೈ ತಲೆ ಹಿಂದೆ ಒಯ್ದು, ಸುತ್ತಿ, ನಾನೇ ಕಟ್ಟಿದೆ.

ಸೆರಗು ಯಾವಾಗಲೋ ಹೆಗಲಿಗೆ ಬಿದ್ದಿತ್ತು. ಭಾವನವರು ಪಾಲಿನ ಮಾತು ಮರೆತು, ನಾಚಿ, ಗೋಡೆಗೆ ಮುಖ ಮಾಡಿ ನಿಂತಿದ್ದರು. "ಸೆರಗ ನೋಡ ಯವ್ವಾ" ಎಂದು ಅತ್ತೆ ಪಿಸುಗುಟ್ಟಿದ್ದು ಕೇಳಿಸಿತು. ಆದರೆ ತುರುಬು ತುಸು ವಾರೆಯಾಗಿತ್ತು. ಭಾವನವರು ಇನ್ನಷ್ಟು ಹೊತ್ತು ಗೋಡೆ ನೋಡಲಿ ಎಂದು ಬಿಚ್ಚಿ, ಇನ್ನೊಮ್ಮೆ ಕಟ್ಟಿದೆ.