ಟೌನ್‌ಹಾಲಿನ ರಾಗಿ ಮೂಟೆಗಳ ನಡುವೆ

ಗಂಭೀರವಾಗಿ ಕಾಣಬೇಕೆಂಬ ಚಪಲ ನನಗೆ ಚಿಕ್ಕಂದಿನಿಂದಲೂ ಇದೆ. ಹೊಳೆನರಸೀಪುರದ ವಾಚನಾಲಯದಲ್ಲಿ ಕೆಲಸ ಸಿಕ್ಕಿದ ಮೇಲಂತೂ ಅದಕ್ಕೆ ಮಿತಿಯೇ ಉಳಿಯಲಿಲ್ಲ. ವಾಚನಾಲಯ ಇದ್ದದ್ದು ವಿಕ್ಟೋರಿಯಾ ರಾಣಿಯ ಜುಬಿಲಿಗೆಂದು ಕಟ್ಟಿಸಿದ ಟೌನ್‌ಹಾಲಿನ ಒಂದು ಮೂಲೆಯಲ್ಲಿ. ಕಮಾನು ಬಾಗಿಲು, ಆಳೆತ್ತರದ ಕಿಟಕಿಗಳು. ಕಟ್ಟಿಸಿದ್ದು ದೊಡ್ಡ ಸಭೆಗಳಿಗಂತೆ. ಆಮೇಲೆ ಅಲ್ಲಿ ನಾಟಕಗಳಾದವು, ಮದುವೆಗಳಾದವು, ದನಗಳಿಗೆ ರೋಗ ಬಂದ ವರ್ಷ ಮದ್ದಿನ ಡಬ್ಬಗಳೂ ಬಂದು ಕೂತವು. ನನ್ನ ಕಾಲಕ್ಕೆ ಬರುತ್ತಿದ್ದವರು ಇಬ್ಬರೇ ಪಿಂಚಣಿದಾರರು. ಅವರಲ್ಲಿ ಒಬ್ಬರು ನಿದ್ದೆ ಮಾಡಲು. ಆದರೂ ಲೋಕದ ವಿದ್ಯೆಯೆಲ್ಲ ನನ್ನ ಮೇಜನ್ನು ನಂಬಿಕೊಂಡಿದೆ ಎಂಬ ಮುಖ ಮಾಡಿಕೊಂಡು ಕೂರುತ್ತಿದ್ದೆ.

ಯುದ್ಧ ಬಂತು, ಅದರ ಹಿಂದೆಯೇ ರೇಷನ್ ಬಂತು. ಅಮಲ್ದಾರರು ಟೌನ್‌ಹಾಲನ್ನು ರಾಗಿ ಡಿಪೋ ಮಾಡಿಬಿಟ್ಟರು. "ಸ್ವಾಮಿ, ಇದು ಸರಸ್ವತಿಯ ಜಾಗ" ಎಂದು ತಕರಾರು ತೆಗೆದೆ. "ಸರಸ್ವತಿ ಒಂದು ಮೇಜು ಇಟ್ಟುಕೊಳ್ಳಲಿ" ಎಂದರು. ಮಾರನೆಯ ದಿನ ನನ್ನ ಮೂರು ಕಡೆಯೂ ಮೂಟೆಗಳು, ನಾಲ್ಕನೆಯ ಕಡೆ ರಾಗಿಗೆ ನಿಂತವರ ಸಾಲು. ಧೂಳಿಗೆ ಸೀನುತ್ತ, ಯಾರ ಮುಖವನ್ನೂ ನೋಡದೆ ಪತ್ರಿಕೆಯ ಹಿಂದೆ ಅಡಗಿ ಕೂರುತ್ತಿದ್ದೆ.

ಒಂದು ಬೆಳಿಗ್ಗೆ ಹಳೇಕೋಟೆಯ ನಿಂಗವ್ವ ಎಂಬಾಕೆ ಸಾಲು ಬಿಟ್ಟು ಬಂದು ಒಂದು ಕಾಗದ ನೀಡಿದಳು.

"ಸಾ, ವಸಿ ಓದಿ ಯೋಳಿ. ನನ್ ಮಗ ಮಿಲ್ಟ್ರೀಲವ್ನೆ. ಮೂರು ತಿಂಗ್ಳಿಂದ ಸುದ್ದೀನೆ ಇರ್ನಿಲ್ಲ."

ಕಾಗದದಲ್ಲಿ ನಾಲ್ಕೇ ಸಾಲು, ಅದೂ ಅಂಕುಡೊಂಕು. ನನ್ನ ವಿದ್ವತ್ತಿಗೆ ಇದು ಸಾಲದೆನಿಸಿತು. ಗಂಟಲು ಸರಿಮಾಡಿಕೊಂಡು, "ಪೂಜ್ಯ ಮಾತೃಶ್ರೀಯವರ ಪಾದಾರವಿಂದಗಳಿಗೆ ತಮ್ಮ ಪುತ್ರನು ಮಾಡುವ ಸಾಷ್ಟಾಂಗ ನಮಸ್ಕಾರಗಳು" ಎಂದು ಶುರು ಮಾಡಿದೆ. ಸಾಲಿನಲ್ಲಿದ್ದವರೆಲ್ಲ ಗಪ್‌ಚಿಪ್ಪಾದರು. ಉಬ್ಬಿಹೋಗಿ ಇನ್ನೂ ಎರಡು ಸಮಾಸ ಸೇರಿಸಿದೆ.

ತಲೆಯೆತ್ತಿದರೆ ನಿಂಗವ್ವನ ಮುಖ ಬಿಳಿಚಿಕೊಂಡಿತ್ತು. "ಇದು ನನ್ ಮಗಂದಲ್ಲ ಸಾ. ಅವ್ನು ಇಂಗೆ ಮಾತಾಡಾಕಿಲ್ಲ. ಬ್ಯಾರೆ ಯಾರೋ ಬರ್ದವ್ರೆ. ಅವ್ನಿಗೇನೋ ಆಗ್ಬುಟ್ಟದೆ" ಎಂದು ಮೂಟೆಗೊರಗಿ ಕುಸಿದಳು.

"ಇಲ್ಲಮ್ಮ, ತಪ್ಪು ನನ್ನದು. ಇದ್ದದ್ದನ್ನು ಇದ್ದ ಹಾಗೆ ಓದುತ್ತೇನೆ, ಕೇಳು" ಎಂದೆ. "ಅವ್ವಾ, ನಾನು ಚೆಂದಾಗಿವ್ನಿ. ಕಾಲಿಗೆ ಏಟು ಬಿದ್ದಿತ್ತು, ವಾಸಿ ಆಯ್ತು. ಎಮ್ಮೆ ಕರ ಆಕ್ತಾ? ನನ್ ರಗ್ಗ ಯಾರ್ಗೂ ಕೊಡ್ಬ್ಯಾಡ."

ರಗ್ಗಿನ ಮಾತಿಗೆ ಅವಳು ನಕ್ಕಳು, ನಗುತ್ತಲೇ ಅತ್ತಳು. "ಇವ್ನೇ ಕಣ್ ಸಾ ನನ್ ಮಗ. ಮತ್ತೆ ಮದ್ಲು ಓದುದ್ರಲ್ಲ, ಅದು ಯಾರ್ದು?"

"ನನ್ನದು" ಎಂದೆ. ಸಾಲಿಗೆ ಸಾಲೇ ನಕ್ಕಿತು.

ಮುಂದಿನ ವಾರ ನಿಂಗವ್ವ ನೆರೆಮನೆಯವಳನ್ನು ಕರೆತಂದಳು. ಅವಳ ಕೈಯಲ್ಲೂ ಒಂದು ಕಾಗದ. "ಇವ್ರೇ ಕಣವ್ವ. ಓದಾದೇನೋ ಚೆಂದಾಗೇ ಓದ್ತಾರೆ. ವಸಿ ನೋಡ್ಕತಿರು, ನಡುನಡುವೆ ತಮ್ದೂ ಸೇರುಸ್ತಾರೆ" ಎಂದು ಅವಳಿಗೆ ಹೇಳಿದಳು.

ನಾನು ಕಾಗದ ಬಿಡಿಸಿದೆ. ಆ ಹೆಂಗಸು ಕಾಗದವನ್ನು ನೋಡಲೇ ಇಲ್ಲ. ನನ್ನ ಬಾಯನ್ನೇ ಕಾಯುತ್ತ ಕೂತಳು.