ಕೆಂಪು ಕಾಳಿನ ಮರ್ಯಾದೆ

ಆದೋನಿಯಲ್ಲಿ ನಮ್ಮದು ನಾಲ್ಕು ತಲೆಮಾರಿನ ಹತ್ತಿ ವ್ಯಾಪಾರದ ಮನೆ. ಹಾಲಹರವಿ ಕಡೆಯ ರೈತರು ನಮ್ಮ ತಕ್ಕಡಿಯನ್ನು ಎರಡನೇ ಸಲ ನೋಡುವುದಿಲ್ಲ. ನಮ್ಮ ಮನೆಯಿಂದ ಹೊರಗೆ ಹೋದ ಯಾವ ಪದಾರ್ಥಕ್ಕೂ ಈವರೆಗೆ ಯಾರೂ ಕೆಟ್ಟ ಹೆಸರಿಟ್ಟಿರಲಿಲ್ಲ. ಈಗ ಒಂದು ಕಾಳಿಗೆ ಇಟ್ಟಿದ್ದಾರೆ. ಅದಕ್ಕಾಗಿ ಬರೆಯುತ್ತಿದ್ದೇನೆ. ಈ ಕಾಳು ಕಾಲಿಟ್ಟಲ್ಲೆಲ್ಲ ಏನಾದರೊಂದು ನಡೆಯುತ್ತದೆ, ನಿಜ. ತಪ್ಪು ಮಾತ್ರ ಒಮ್ಮೆಯೂ ಕಾಳಿನದಲ್ಲ.

೧. ಅಜ್ಜಿಯ ಪರೀಕ್ಷೆ

ಮದುವೆಗೆ ಮುಂಚೆ ನಾನು ಓದಿದ್ದು ಬಳ್ಳಾರಿಯ ಒಂದು ಕಾನ್ವೆಂಟಿನಲ್ಲಿ; ಊಟ, ವಾಸ ಎಲ್ಲ ಅಲ್ಲೇ. ನಾವು ಮಾಂಸ ಮುಟ್ಟದವರು. ಆದ್ದರಿಂದ ಸಿಸ್ಟರ್ ನನಗೆ ಕೆಂಪು ಕಿಡ್ನಿ ಬೀನ್ಸ್ ಬೇಯಿಸಿ ಕೊಡುತ್ತಿದ್ದರು. ಹತ್ತಿ ಖರೀದಿಗೆ ಬರುವ ಉತ್ತರದವರು ಅದನ್ನೇ ರಾಜ್ಮಾ ಎನ್ನುತ್ತಾರೆ. ಮೂರೇ ತಿಂಗಳಲ್ಲಿ ನನ್ನ ಗಲ್ಲ ತುಂಬಿತು. ನೋಡಲು ಬಂದ ಅಜ್ಜಿಗೆ ಸಂಶಯ.

"ಏನ್ ತಿನ್ನಸ್ತಾರ ನಿನಗ?"

"ಕಾಳು, ಅಜ್ಜಿ. ಮಾಂಸದಷ್ಟೇ ಬಲ ಐತಂತ."

"ಅಷ್ಟು ಬಲ ಇದ್ರ ಅದು ಮಾಂಸಾನ ಇರಬೇಕು!"

ನೇರ ಅಡುಗೆಮನೆಗೆ ನಡೆದು, ಒಂದು ಹಿಡಿ ಕಾಳನ್ನು ಸೆರಗಿನಲ್ಲಿ ಕಟ್ಟಿಕೊಂಡರು. "ನಮ್ಮ ಬಾವಿ ತ್ವಾಟದಾಗ ಬಿತ್ತತೀನಿ. ಹುಟ್ಟಿತು ಅಂದ್ರ ತಿನ್ನು. ಅಲ್ಲೀತನಕ ಬಾಯಿಗೆ ಹಾಕ್ಬ್ಯಾಡ."

ನಾನು ಹತ್ತು ದಿನ ಬರೀ ಗಂಜಿ ಕುಡಿದೆ. ಕೊನೆಗೆ ಕಾಗದ ಬಂತು: "ಎರಡು ಎಲಿ ಬಂದಾವ. ಮಾಂಸಕ್ಕ ಎಲಿ ಬರಂಗಿಲ್ಲ. ಉಣ್ಣು."

೨. ಹಸಿವೆಯಾಗದ ಗುಮಾಸ್ತ

ಮದುವೆಯಾದ ಮೇಲೆ ತವರಿನ ತೋಟದ ಆ ಕಾಳೇ ನಮ್ಮ ಅಡುಗೆಮನೆಗೆ ಬಂತು. ಯುದ್ಧದ ದಿನಗಳು, ಅಕ್ಕಿ ಸಿಗುತ್ತಿರಲಿಲ್ಲ. ಮಧ್ಯಾಹ್ನ ಅಂಗಡಿಯ ಗುಮಾಸ್ತರೊಬ್ಬರಿಗೆ ಒಂದು ಬಟ್ಟಲು ಬೇಯಿಸಿದ ಕಾಳು ಕೊಡತೊಡಗಿದೆ. ಅದು ಹೊಟ್ಟೆಯಲ್ಲಿ ನಿಧಾನವಾಗಿ ಕರಗುತ್ತದೆ. ಬೇಗ ಹಸಿವೆಯಾಗುವುದಿಲ್ಲ, ಮಲಬದ್ಧತೆಯೂ ಇರುವುದಿಲ್ಲ. ಎಂಟು ದಿನಕ್ಕೆ ಅವರ ಹೆಂಡತಿ ಕಣ್ಣೊರೆಸಿಕೊಳ್ಳುತ್ತ ಬಂದಳು.

"ಅಮ್ಮಾರ, ಮನಿಗೆ ಬಂದು ಒಂದ ರೊಟ್ಟಿ ತಿಂತಾರ, ಸಾಕಂತಾರ. ಎಲ್ಲಿ ಉಂಡು ಬರ್ತಾರ? ಯಾರಾಕಿ?"

ಒಲೆಯ ಮೇಲಿನ ಪಾತ್ರೆ ತೋರಿಸಿದೆ. ಇಣುಕಿ ನೋಡಿ, ಮೂಗು ಒರೆಸಿಕೊಂಡಳು. "ಹಂಗಾದ್ರ ಎರಡು ಬಟ್ಟಲ ಹಾಕ್ರಿ. ಆ ಒಂದು ರೊಟ್ಟಿ ಬಡಿಯೋದೂ ತಪ್ಪತೈತಿ."

೩. ಕೋಸಂಬರಿ

ನಮ್ಮ ಓಣಿಯ ವಕೀಲರ ಹೆಂಡತಿ ಬಾಣಂತನ ಮುಗಿಸಿ ಬಿಳಿಚಿಕೊಂಡಿದ್ದಳು. ರಕ್ತಕ್ಕೆ ಒಳ್ಳೆಯದೆಂದು ನಾನೇ ಒಂದು ಸೇರು ಕಾಳು ಕಳಿಸಿದೆ. ಕಳಿಸುವಾಗ ಬಿಡಿಸಿ ಹೇಳಿದ್ದೆ: ರಾತ್ರಿ ನೆನೆಹಾಕಬೇಕು, ಆ ನೀರು ಚೆಲ್ಲಬೇಕು, ಹೊಸ ನೀರಲ್ಲಿ ಕುದಿಕುದಿಸಿ ಮೆತ್ತಗೆ ಬೇಯಿಸಬೇಕು.

ನೆನೆಹಾಕಿದಳು. ನೀರನ್ನೂ ಚೆಲ್ಲಿದಳು. ಆಮೇಲೆ ನಮ್ಮಲ್ಲಿ ಹೆಸರುಬೇಳೆಗೆ ಮಾಡುವಂತೆ ಸೌತೆಕಾಯಿ, ಕೊಬ್ಬರಿ, ಲಿಂಬೆಹಣ್ಣಿನ ರಸ ಬೆರೆಸಿ, ಮೇಲೆ ಸಾಸಿವೆ ಒಗ್ಗರಣೆ ಕೊಟ್ಟು, ಅರಿಶಿನ ಕುಂಕುಮಕ್ಕೆ ಬಂದ ಹನ್ನೊಂದು ಹೆಂಗಸರಿಗೆ ಕೋಸಂಬರಿಯೆಂದು ಬಡಿಸಿದಳು. ನಮ್ಮ ಮನೆಯ ಕಾಳೆಂಬ ಮರ್ಯಾದೆಗೆ ಎಲ್ಲರೂ ಕಟಕಟ ಕಡಿದು ನುಂಗಿದರು. ದೀಪ ಹಚ್ಚುವ ಹೊತ್ತಿಗೆ ಹನ್ನೊಂದು ಮನೆಯ ಹಿತ್ತಲಲ್ಲೂ ವಾಂತಿ. ಮರುದಿನ ಬಾವಿಕಟ್ಟೆಯಲ್ಲಿ ಒಂದೇ ಮಾತು: "ಹತ್ತಿ ಸಾಹುಕಾರರ ಮನಿಯಾಕಿ ವಿಷ ಕೊಟ್ಟಾಳಂತ!"

ನಾನು ಒಂದು ಪಾತ್ರೆ ಕಾಳು ಬೇಯಿಸಿಕೊಂಡು ವಕೀಲರ ಮನೆಗೆ ಹೋದೆ. ಜಗಲಿಯ ಮೇಲೆ ಕುಳಿತು, ನೆರೆದ ಓಣಿಯವರೆದುರು ಎರಡು ತಟ್ಟೆ ಉಂಡೆ. ಸಂಜೆಯವರೆಗೆ ಅಲ್ಲೇ ಕುಳಿತೆ. ಏನೂ ಆಗಲಿಲ್ಲ.

"ಯಾಕ ಬೇಯಿಸಲಿಲ್ಲ?" ಎಂದು ವಕೀಲರ ಹೆಂಡತಿಯನ್ನು ಕೇಳಿದೆ.

"ಅಯ್ಯ ಅಕ್ಕಾರ, ಅದರಾಗ ಅಷ್ಟು ಸತ್ವ ಐತಿ ಅಂತ ನೀವ ಹೊಗಳಿದ್ರಿ. ಕುದಿಸಿದ್ರ ಎಲ್ಲಾ ಹೋಗತೈತಿ ಅಂತ ಹಸೀದ ಹಾಕಿದೆ. ಇದ್ರಾಗ ನನ್ನ ತಪ್ಪೇನೈತಿ? ಅಷ್ಟು ಹೊಗಳಬಾರದಿತ್ತು ನೀವು!"

ಇಷ್ಟೆಲ್ಲ ಬರೆದದ್ದು ಒಂದೇ ಮಾತಿಗೆ: ಆಕೆ ಆ ಹನ್ನೊಂದು ಹೆಂಗಸರನ್ನೂ ಕರೆದುಕೊಂಡು ನಮ್ಮ ಮನೆಗೆ ಬಂದು ಕ್ಷಮೆ ಕೇಳಬೇಕು.