ಕೀಲಿ ಬೇಡದ ಗಾಡಿ

ಎಲ್ಲದಕ್ಕೂ ಕಾರಣ ಒಂದು ಪ್ಲಾಸ್ಟಿಕ್ ಕುರ್ಚಿ.

ಅದು ಬೀದಿಯ ನಟ್ಟನಡುವೆ ಕೂತಿತ್ತು. ಮೇಲೆ ಮಡಿಸಿಟ್ಟ ಪೇಪರು, ಪೇಪರಿನ ಮೇಲೆ ಅರ್ಧ ಕುಡಿದ ಕಾಫಿ ಲೋಟ. ಕೂತಿದ್ದವರು ಎಲ್ಲೋ ಒಳಗೆ ಹೋಗಿದ್ದರು. ಬೀದಿಯೋ, ಎದುರಿನಿಂದ ಒಂದು ಸೈಕಲ್ಲು ಬಂದರೆ ಪಿಕಪ್ಪು ಉಸಿರು ಬಿಗಿಹಿಡಿಯಬೇಕು, ಅಷ್ಟೇ ಅಗಲ. ಜೇನಣ್ಣ ಹಾರ್ನ್ ಹೊಡೆಯಲು ಕೈ ಎತ್ತಿದವನು, ಹಿಂದೆ ಇದ್ದ ಸಂಸಾರದ ನೆನಪಾಗಿ ಮೆಲ್ಲಗೆ ಇಳಿಸಿದ.

ಹಿಂದೆ ಇದ್ದದ್ದು ಇಪ್ಪತ್ತನಾಲ್ಕು ಜೇನುಪೆಟ್ಟಿಗೆ. ಒಂದೊಂದರ ಬಾಯಿಗೂ ಬಟ್ಟೆ ತುರುಕಿ, ಪಟ್ಟಿ ಬಿಗಿದು, ನಸುಕಿಗೇ ಮನೆ ಬಿಟ್ಟಿದ್ದ. ಹೋದ ವರ್ಷ ಹುಳುಗಳಿಗೆ ರೋಗ ಬಂದು ಅವನಿಗೆ ಉಳಿದಿದ್ದು ಆರೇ ಪೆಟ್ಟಿಗೆ. ಆ ಆರನ್ನು ಇಪ್ಪತ್ತನಾಲ್ಕು ಮಾಡುವಷ್ಟರಲ್ಲಿ ಅವನ ತಲೆಕೂದಲು ಅರ್ಧಕ್ಕೆ ಇಳಿದಿತ್ತು. ಇವತ್ತು ಅವನ್ನೆಲ್ಲ, ಹುಳು ಕೂತು ಹೂ ಕಾಯಿಕಟ್ಟಲೆಂದು, ಒಂದು ದೊಡ್ಡ ಕಲ್ಲಂಗಡಿ ತೋಟಕ್ಕೆ ಮುಟ್ಟಿಸಬೇಕಿತ್ತು. ತೋಟದ ಯಜಮಾನ ಖಡಾಖಂಡಿತವಾಗಿ ಹೇಳಿದ್ದ: "ನೋಡಪ್ಪಾ, ಹೂ ಬೆಳಗ್ಗೆ ಅರಳುತ್ತೆ, ಮಧ್ಯಾಹ್ನಕ್ಕೆ ಮುದುಡುತ್ತೆ. ಒಂಬತ್ತೂವರೆಗೆ ಪೆಟ್ಟಿಗೆ ಇಳಿದಿರಬೇಕು. ಇಲ್ಲಾಂದ್ರೆ ಇನ್ನೊಬ್ಬ ಇದಾನೆ, ಅವನನ್ನ ಕರೆಸ್ಕೋತೀನಿ. ಆಮೇಲೆ ಬೇಜಾರು ಮಾಡ್ಕೋಬೇಡ."

ದೊಡ್ಡ ರಸ್ತೆಯಲ್ಲೇ ಹೋಗಿದ್ದರೆ ಈ ಬೀದಿಯ ಮುಖವನ್ನೂ ನೋಡುತ್ತಿರಲಿಲ್ಲ. ಆದರೆ ಗಾಡಿಯೊಳಗಿನ ತೆರೆ ತಾನಾಗಿಯೇ ಬೆಳಗಿ, "ಮುಂದೆ ವಾಹನ ದಟ್ಟಣೆ ಇದೆ, ಎಡಕ್ಕೆ ತಿರುಗಿ" ಎಂದು ಜೇನಿನಂಥ ದನಿಯಲ್ಲಿ ಹೇಳಿತ್ತು. ಅವನು ತಿರುಗಿದ್ದ.

ಗಾಡಿ ಹೊಸದು. ಕೊಳ್ಳುವಾಗ ಭಾವಮೈದ ಜೊತೆಗೆ ಬಂದು ಅಂಗಡಿಯವನಿಗಿಂತ ಹೆಚ್ಚು ವಕಾಲತ್ತು ಮಾಡಿದ್ದ. "ಭಾವ, ಕೀಲಿ ಹಾಕಿ ತಿರುಗಿಸೋ ಕಾಲ ಹೋಯ್ತು. ಇದು ಜೇಬಲ್ಲಿದ್ರೆ ಸಾಕು, ಗಾಡಿಗೇ ಗೊತ್ತಾಗುತ್ತೆ, ಯಜಮಾನ ಬಂದ ಅಂತ. ತಾನೇ ಬಾಗಿಲು ತೆಗೆಯುತ್ತೆ, ತಾನೇ ಹಾಕುತ್ತೆ. ಗಾಡಿ ಒಳಗೇ ಇಂಟರ್ನೆಟ್ಟು! ಕಂಪನಿಯವರು ಅಲ್ಲಿಂದಲೇ ನಿಮ್ಮನ್ನ ನೋಡ್ಕೋತಾರೆ."

"ನನ್ನನ್ನ ನೋಡಿ ಅವರಿಗೇನಾಗ್ಬೇಕು?" ಎಂದು ಜೇನಣ್ಣ ಕೇಳಿದ್ದು ಅಲ್ಲಿ ಯಾರ ಕಿವಿಗೂ ಬಿದ್ದಿರಲಿಲ್ಲ.

ಈಗ ಅವನು ಎಂಜಿನ್ ಆರಿಸದೆಯೇ ಇಳಿದ. ಕುರ್ಚಿಯನ್ನು ಎತ್ತಿ ಗೋಡೆಗೆ ಒತ್ತಿ ಇಟ್ಟ. ಲೋಟದ ಕಾಫಿ ಒಂದು ತೊಟ್ಟೂ ಚೆಲ್ಲಲಿಲ್ಲ. ಅವತ್ತು ಸರಿಯಾಗಿ ನಡೆದ ಕೆಲಸ ಅದೊಂದೇ. ಹಿಂತಿರುಗುವಾಗ ಗಾಳಿಗೆ ಗಾಡಿಯ ಬಾಗಿಲು ಮುಚ್ಚಿಕೊಂಡಿತು. ಆಮೇಲೆ "ಟಕ್" ಎಂದಿತು.

ಹಿಡಿ ಎಳೆದ. ಬರಲಿಲ್ಲ. ಆ ಕಡೆ ಓಡಿ ಎಳೆದ. ಅಲ್ಲೂ ಬರಲಿಲ್ಲ. ಎಂಜಿನ್ ಗುರುಗುಟ್ಟುತ್ತಿತ್ತು. ಗಾಜಿನಾಚೆ ಸೀಟಿನ ಮೇಲೆ ಹುಳು ಕುಟುಕದಂತೆ ತೊಡುವ ಅವನ ಜೇನುಕೋಟು, ಕೋಟಿನ ಜೇಬಿನಲ್ಲಿ ಆ ಕೀಲಿಯಲ್ಲದ ಕೀಲಿ, ಮುಂದಿನ ಸ್ಟ್ಯಾಂಡಿನಲ್ಲಿ ಚಾರ್ಜಿಗೆ ಹಾಕಿದ ಫೋನು. ಎಲ್ಲ ಕೈಗೆಟುಕುವಷ್ಟೇ ಹತ್ತಿರ. ಜೇನಣ್ಣ ಇಂಗು ತಿಂದ ಮಂಗನ ಹಾಗೆ ನಿಂತ.

"ಯಾರ್ರೀ ಅದು ನನ್ನ ಕುರ್ಚಿ ಎತ್ತಿದ್ದು?"

ನಿವೃತ್ತ ಹೆಡ್‌ಮಾಸ್ಟರು ಕನ್ನಡಕ ಒರೆಸುತ್ತ ಬಾಗಿಲಿಗೆ ಬಂದಿದ್ದರು. ಜೇನಣ್ಣ ನಡೆದದ್ದನ್ನು ಹೇಳಿದ. ಮೇಷ್ಟ್ರು ಗಾಡಿಯ ಸುತ್ತ ಒಂದು ಸುತ್ತು ಬಂದು, ದಡ್ಡ ಹುಡುಗನ ಉತ್ತರಪತ್ರಿಕೆ ನೋಡುವವರ ಹಾಗೆ ತುಟಿ ಓರೆ ಮಾಡಿದರು.

"ಬೀಗ ಅಂದಮೇಲೆ ಅದಕ್ಕೆ ಕಣ್ಣಿರಬೇಕು, ಕೀಲಿಗೆ ಹಲ್ಲಿರಬೇಕು. ಇದಕ್ಕೆ ಕಣ್ಣೂ ಇಲ್ಲ, ಹಲ್ಲೂ ಇಲ್ಲ. ಇದನ್ನ ಯಾಕ್ರೀ ತಗೊಂಡ್ರಿ?"

"ಸುಮ್ನಿರಿ ಮೇಷ್ಟ್ರೆ," ಎಂದರು ಎದುರುಮನೆಯ ಟೈಲರಮ್ಮ, ಕೊರಳಲ್ಲಿ ಅಳತೆಪಟ್ಟಿಯೊಂದಿಗೇ ಹೊರಗೆ ಬಂದು. "ನಿಮ್ಮ ಮನೆ ಕೀಲಿ ವಾರಕ್ಕೆರಡು ಸಲ ಕಳೆದು ನನ್ನ ಸುತ್ತಿಗೆ ಕೇಳೋಕೆ ಬರ್ತೀರಿ. ಅದಕ್ಕೆ ಹಲ್ಲಿಲ್ವಾ? ಈ ಗಾಡಿ ಒಳ್ಳೇದೇ. ಕಂಪನಿಗೆ ಒಂದು ಫೋನ್ ಮಾಡಿದ್ರೆ ಅಲ್ಲಿಂದಲೇ ತೆಗೀತಾರೆ. ನನ್ನ ತಮ್ಮಂದೂ ಹೀಗೇ ಆಗಿತ್ತು."

ಜೇನಣ್ಣನಿಗೆ ಹೋದ ಜೀವ ಬಂತು. ಮೇಷ್ಟ್ರ ಫೋನಿನಿಂದಲೇ ಗಾಜಿನ ಮೇಲೆ ಅಂಟಿಸಿದ್ದ ಸಹಾಯದ ನಂಬರಿಗೆ ಹಚ್ಚಿದರು. ಮೊದಲು ಸಂಗೀತ ಬಂತು. ಸಂಗೀತ ಮುಗಿಯುವಷ್ಟರಲ್ಲಿ ಬಿಸಿಲು ಎದುರುಗೋಡೆಯಿಂದ ಇಳಿದು ಗಾಡಿಯ ಮೂತಿ ಮುಟ್ಟಿತ್ತು.

"ನಮಸ್ಕಾರ ಸಾರ್, ಹೇಳಿ," ಎಂದಳು ಒಬ್ಬ ಹುಡುಗಿ. ಕೇಳಿದ್ದನ್ನೆಲ್ಲ ಜೇನಣ್ಣ ಹೇಳಿದ ಮೇಲೆ ಅವಳೆಂದಳು: "ಹೌದು ಸಾರ್, ಇಲ್ಲಿ ಕಾಣ್ತಿದೆ. ನಿಮ್ಮ ಕೀಲಿಯ ಸೆಲ್ಲು ವೀಕಾಗಿದೆ. ಒಳಗಿದ್ರೂ ಗಾಡಿಗೆ ಗೊತ್ತಾಗಿಲ್ಲ. ಯಜಮಾನರು ದೂರ ಹೋದ್ರು ಅಂತ ಬಾಗಿಲು ಹಾಕ್ಕೊಂಡಿದೆ. ನಿಮ್ಮ ಸುರಕ್ಷತೆಗೇ ಸಾರ್."

"ಆಯ್ತಮ್ಮ, ಈಗ ತೆಗಿ ತಾಯಿ."

"ಖಂಡಿತ ಸಾರ್. ನಿಮ್ಮ ಫೋನಿಗೆ ಆರಂಕಿಯ ಓಟಿಪಿ ಕಳಿಸಿದೀನಿ. ಅದನ್ನ ಹೇಳಿಬಿಡಿ."

ಜೇನಣ್ಣ ಗಾಜಿನೊಳಗೆ ನೋಡಿದ. ಸ್ಟ್ಯಾಂಡಿನ ಮೇಲೆ ಅವನ ಫೋನು ಬೆಳಗಿ, ಆರಿತು.

"ಅಮ್ಮಾ, ಫೋನು ಒಳಗಿದೆ."

"ಒಳಗಿಂದ ತಗೊಳ್ಳಿ ಸಾರ್."

"ಅದನ್ನ ತಗೊಳ್ಳೋಕೇ ಬಾಗಿಲು ತೆಗಿಬೇಕು!"

"ಬಾಗಿಲು ತೆಗೆಯೋಕೇ ಓಟಿಪಿ ಬೇಕು ಸಾರ್," ಎಂದಳು ಹುಡುಗಿ, ತಾಳ್ಮೆಯಿಂದ.

"ಕಲ್ಲು ತಗೊಂಡು ಗಾಜು ಒಡೀರಿ, ಏನು ಮಾತು!" ಎಂದು ಮೇಷ್ಟ್ರು ಫೋನಿಗೆ ಕೇಳುವಂತೆ ಗುಡುಗಿದರು.

"ದಯವಿಟ್ಟು ಬೇಡ ಸಾರ್! ಗಾಜು ಒಡೆದ್ರೆ ಕಳ್ಳತನ ಅಂತ ತಿಳ್ಕೊಂಡು ಎಂಜಿನ್ ಲಾಕ್ ಆಗುತ್ತೆ. ಆಮೇಲೆ ನಮ್ಮವರೇ ಬಂದು ಬಿಡಿಸ್ಬೇಕು. ಎರಡು ದಿನ ಆಗಬಹುದು."

ಜೇನಣ್ಣ ಎತ್ತಿಕೊಂಡಿದ್ದ ಕಲ್ಲನ್ನು ಮಗುವಿನ ಹಾಗೆ ಮೆಲ್ಲಗೆ ನೆಲಕ್ಕಿಟ್ಟ. ಇನ್ನೊಂದು ಕೀಲಿ ಮನೆಯಲ್ಲಿತ್ತು. ಮನೆ ಎರಡು ಗಂಟೆಯ ದಾರಿ. ಹಿಂದಿನಿಂದ ಗುಂಯ್ ಎನ್ನುವ ಸದ್ದು ಸ್ವಲ್ಪ ಏರಿದ ಹಾಗಿತ್ತು. ಅವನು ಪೆಟ್ಟಿಗೆಯೊಂದಕ್ಕೆ ಅಂಗೈ ಒತ್ತಿ ನೋಡಿದ. ಬೆಚ್ಚಗಿತ್ತು. ಗಾಡಿ ಓಡುತ್ತಿದ್ದರೆ ಗಾಳಿಯಾಡುತ್ತದೆ. ನಿಂತರೆ ಬಾಯಿಕಟ್ಟಿದ ಪೆಟ್ಟಿಗೆಯೊಳಗೆ ಸಾವಿರಾರು ಜೀವ ಒಂದಕ್ಕೊಂದು ಒತ್ತಿಕೊಂಡು ಬಿಸಿಯೇರುತ್ತವೆ, ಮೇಣ ಕರಗುತ್ತದೆ, ಅರ್ಧಗಂಟೆಯಲ್ಲಿ ಒಂದು ಸಂಸಾರವೇ ಮುದ್ದೆಯಾಗುತ್ತದೆ. ಅವನು ಅದನ್ನು ಒಮ್ಮೆ ಕಣ್ಣಾರೆ ನೋಡಿದ್ದ.

"ನೀರು ಕೊಡ್ರಮ್ಮ, ಬೇಗ!"

ಟೈಲರಮ್ಮ ಬಕೆಟ್ಟು ತಂದರು. ಅವನು ಹತ್ತಿ ಪೆಟ್ಟಿಗೆಗಳ ಮೇಲೆ ಚಿಮುಕಿಸಿದ. ಬಿಸಿಲು ಬಕೆಟ್ಟಿಗಿಂತ ಜೋರಾಗಿತ್ತು.

"ಕೆಳಗಿಳಿಸಿ ನೆರಳಿಗೆ ಇಡೋಣ್ವಾ?" ಎಂದರು ಟೈಲರಮ್ಮ.

"ಯಾರ ನೆರಳಿಗೆ?" ಮೇಷ್ಟ್ರು ತಮ್ಮ ಜಗಲಿಗೆ ಅಡ್ಡ ನಿಂತರು. "ಬೀದೀಲಿ ಇರೋದೊಂದೇ ಜಗಲಿ. ಇಲ್ಲಿ ನಾನು ಕೂರ್ತೀನಿ."

ಅವರು ಬಿಟ್ಟುಕೊಟ್ಟಿದ್ದರೂ ಆಗುತ್ತಿರಲಿಲ್ಲ. ಹಿಂದಿನ ಹಲಗೆ ತೆಗೆಯುವುದಕ್ಕೂ ಗಾಡಿಯೊಳಗಿನ ಗುಂಡಿಯನ್ನೇ ಒತ್ತಬೇಕಿತ್ತು.

ಆಗ ಟೈಲರಮ್ಮನಿಗೆ ಹೊಳೆಯಿತು. "ರೀ, ಆ ನಂಬರು ಫೋನ್ ಮೇಲೆ ಒಂದು ಗಳಿಗೆ ಕಾಣುತ್ತಲ್ಲ? ಗಾಜಿನಿಂದಲೇ ಓದಿದ್ರಾಯ್ತು! ಸೂಜಿಗೆ ದಾರ ಪೋಣಿಸೋ ಕಣ್ಣು ನಂದು. ಇನ್ನೊಂದ್ಸಲ ಕಳ್ಸೋಕೆ ಹೇಳಿ."

ಹುಡುಗಿ ಕಳಿಸಿದಳು. "ಮೂರು ಸಲ ಮಾತ್ರ ಅವಕಾಶ ಸಾರ್, ನೋಡಿ ಹೇಳಿ. ಮೂರೂ ತಪ್ಪಾದ್ರೆ ಅರ್ಧಗಂಟೆ ಬಂದ್ ಆಗುತ್ತೆ."

ಫೋನು ಬೆಳಗಿತು. ಟೈಲರಮ್ಮ ಗಾಜಿಗೆ ಮೂಗೊತ್ತಿ, "ಏಳು, ನಾಲ್ಕು, ನಾಲ್ಕು, ಒಂದು..." ಎನ್ನುವಷ್ಟರಲ್ಲಿ ಅವರ ಉಸಿರಿಗೇ ಗಾಜು ಮಸುಕಾಯಿತು. ಒರೆಸುವಷ್ಟರಲ್ಲಿ ಫೋನು ಆರಿತು. ಉಳಿದೆರಡನ್ನು ಮೇಷ್ಟ್ರು ಅಂದಾಜಿನಲ್ಲಿ ಹೇಳಿಬಿಟ್ಟರು.

"ತಪ್ಪು ಸಾರ್."

"ನಿಮ್ಮನ್ನ ಯಾರ್ರೀ ಕೇಳಿದ್ದು!" ಎಂದು ಟೈಲರಮ್ಮ ತಿರುಗಿಬಿದ್ದರು.

ಎರಡನೇ ಸಲ ಟೈಲರಮ್ಮ ಉಸಿರು ಕಟ್ಟಿಕೊಂಡು, ಆರೂ ಅಂಕಿ ಓದಿ, ಗೆದ್ದ ಸಂಭ್ರಮದಲ್ಲಿ ತಿರುಗಿದರು. ಮೇಷ್ಟ್ರು ಅದನ್ನು ಫೋನಿಗೆ ಹೇಳುವಾಗ ಹಳೆಯ ಅಭ್ಯಾಸಬಲದಿಂದ "ಒಂದು ಲಕ್ಷದ ತೊಂಬತ್ತಾರು ಸಾವಿರದ..." ಎಂದು ಮಗ್ಗಿಯ ಧಾಟಿಯಲ್ಲಿ ಶುರುಮಾಡಿ, ನಡುವೆ ಎಡವಿದರು.

"ತಪ್ಪು ಸಾರ್. ಇನ್ನೊಂದೇ ಸಲ."

ಜೇನಣ್ಣ ಮೇಷ್ಟ್ರ ಕೈಯಿಂದ ಫೋನು ಕಿತ್ತುಕೊಂಡ. ಹಿಂದಿನ ಗುಂಯ್ ಈಗ ಒಂದೇ ಸಮನಾದ ಗದ್ದಲವಾಗಿತ್ತು. ಅದು ಎಂಥ ಸದ್ದೆಂದು ಆ ಬೀದಿಯಲ್ಲಿ ಅವನೊಬ್ಬನಿಗೇ ಗೊತ್ತಿತ್ತು. ಒಂಬತ್ತಾಗಿತ್ತು. ಮೂವರೂ ಗಾಜಿಗೆ ಕಣ್ಣು ನೆಟ್ಟರು.

ಫೋನು ಬೆಳಗಿತು.

"ಐದು," ಎಂದರು ಟೈಲರಮ್ಮ. "ಐದು," ಎಂದ ಜೇನಣ್ಣ ಫೋನಿಗೆ. "ಸೊನ್ನೆ." "ಸೊನ್ನೆ." "ಎರಡು." "ಒಂಬತ್ತು." "ಆರು."

ಆಗ, ಯಾವ ಸಂದಿಯಿಂದ ತಪ್ಪಿಸಿಕೊಂಡಿತ್ತೋ, ಒಂದೇ ಒಂದು ಜೇನುಹುಳು ಹಾರಿಬಂದು, ಸರಿಯಾಗಿ ಆರನೇ ಅಂಕಿಯ ಎದುರಿಗೆ ಗಾಜಿನ ಮೇಲೆ ಕೂತಿತು.

"ಹೋಗೇ!" ಎಂದು ಟೈಲರಮ್ಮ ಕೈ ಬೀಸಿದರು. ಅದು ಒಂದೆಳೆ ಸರಿಯಿತು. ಅಂಕಿಯ ಬಲಗಡೆಯ ಅರ್ಧ ಕಂಡಿತು. ಫೋನು ಆರಿತು.

"ಮೂರು ಇರಬೇಕು," ಎಂದರು ಮೇಷ್ಟ್ರು.

"ಎಂಟು. ನಾನು ನೋಡ್ದೆ," ಎಂದರು ಟೈಲರಮ್ಮ.

"ಅರ್ಧ ನೋಡಿದ್ರೆ ಎಂಟೂ ಮೂರೇ, ಮೂರೂ ಎಂಟೇ! ಬಲಗಡೆ ಎರಡೂ ಒಂದೇ ಥರ!" ಎಂದು ಮೇಷ್ಟ್ರು ರೇಗಿದರು.

"ಸಾರ್, ಸಮಯ ಮುಗೀತಿದೆ," ಎಂದಿತು ಫೋನು.

ಜೇನಣ್ಣ ಕಣ್ಣು ಮುಚ್ಚಿ, "ಎಂಟು," ಎಂದ.

ಆ ಹುಡುಗಿ, ನಿಜವಾಗಿಯೂ ನೊಂದವಳ ಹಾಗೆ, "ಅಯ್ಯೋ ಸಾರ್," ಎಂದಳು. ಫೋನು ಕಟ್ಟಾಯಿತು.

ಮೇಷ್ಟ್ರು "ನಾನು ಮೂರು ಅಂದಿದ್ದೆ," ಎಂದರು. ಇಡೀ ಬೆಳಗ್ಗೆ ಅವರು ಹೇಳಿದ ಸರಿಯಾದ ಮಾತು ಅದೊಂದೇ ಆಗಿದ್ದರಿಂದ ಜೇನಣ್ಣನಿಗೆ ಅವರ ಮೇಲೆ ಇನ್ನಷ್ಟು ಸಿಟ್ಟು ಬಂತು.

ಅರ್ಧಗಂಟೆ! ಅವನು ಮತ್ತೆ ಹಿಂದಕ್ಕೆ ಹತ್ತಿ ನಡುವಿನ ಪೆಟ್ಟಿಗೆಗೆ ಕಿವಿಯಿಟ್ಟ. ಗದ್ದಲ ಇಳಿಯುತ್ತಿತ್ತು. ಏರಿದ್ದಕ್ಕಿಂತ ಇಳಿಯುವುದೇ ಭಯಂಕರ. ಹಲಗೆಯ ಸಂದಿಯಲ್ಲಿ ಒಂದು ಹನಿ ಜೇನು ಒಸರಿ ನಿಂತಿತ್ತು. ಒಳಗೆ ಮೇಣ ಕರಗಲು ಶುರುವಾಗಿತ್ತು.

ಇನ್ನು ಯೋಚಿಸಲು ಏನೂ ಉಳಿದಿರಲಿಲ್ಲ. ಇರುವ ದಾರಿ ಒಂದೇ, ಅದು ಜೇನು ಸಾಕುವ ಯಾವನೂ ಜನ ಓಡಾಡುವ ಬೀದಿಯಲ್ಲಿ ಮಾಡಬಾರದ್ದು.

"ಅಮ್ಮಾ, ಮೇಷ್ಟ್ರೆ, ಒಳಗೆ ಹೋಗಿ. ಬಾಗಿಲು ಹಾಕ್ಕೊಳ್ಳಿ. ಕಿಟಕೀನೂ."

"ಯಾಕೆ?"

"ಬಾಯಿ ಬಿಚ್ತಾ ಇದೀನಿ."

"ಯಾರ ಬಾಯಿ?" ಎಂದರು ಮೇಷ್ಟ್ರು. ಮೊದಲ ಪೆಟ್ಟಿಗೆಯ ಬಟ್ಟೆ ಹೊರಬಂದ ಕೂಡಲೇ ಅವರಿಗೆ ಉತ್ತರ ಸಿಕ್ಕಿತು. ಆ ವಯಸ್ಸಿನಲ್ಲಿ ಅವರು ಜಗಲಿ ಹಾರಿದ ರೀತಿಯನ್ನು ಟೈಲರಮ್ಮ ಆಮೇಲೆ ಎಷ್ಟೋ ದಿನ ಗಿರಾಕಿಗಳಿಗೆ ಅಭಿನಯಿಸಿ ತೋರಿಸಿದರಂತೆ.

ಒಂದು, ಎರಡು, ಹತ್ತು. ಜೇನಣ್ಣ ಕೋಟಿಲ್ಲದೆ, ಬರಿಗೈಯಲ್ಲಿ, ಒಂದೊಂದೇ ಬಟ್ಟೆ ಕಿತ್ತ. ಕುತ್ತಿಗೆಗೆ ಎರಡು, ಕಿವಿಗೆ ಒಂದು ಕುಟುಕಿದವು, ಅವನು ನಿಲ್ಲಿಸಲಿಲ್ಲ. ಇಪ್ಪತ್ತನಾಲ್ಕನೆಯದನ್ನು ಕಿತ್ತಾಗ ಬೀದಿಯ ಆಕಾಶವೇ ಕಂದುಬಣ್ಣಕ್ಕೆ ತಿರುಗಿತ್ತು. ಎಡಬಲದ ಕಿಟಕಿಗಳು ಪಟಪಟನೆ ಮುಚ್ಚಿಕೊಂಡವು. ಹುಳುಗಳು ಹೊರಬಂದು, ಪೆಟ್ಟಿಗೆಗಳ ಮೇಲೆ ಒಂದೆರಡು ಸುತ್ತು ಸುತ್ತಿ, ಗಾಳಿ ಕುಡಿದು, ನೀರು ಹೂವು ಹುಡುಕಿಕೊಂಡು ಮನೆಗಳ ಮೇಲಿಂದ ದಿಕ್ಕುದಿಕ್ಕಿಗೆ ಹಾರಿದವು. ಕೆಲವು ಪೆಟ್ಟಿಗೆಯ ಬಾಯಲ್ಲೇ ಕೂತು ರೆಕ್ಕೆ ಬೀಸಿ ಒಳಗೆ ಗಾಳಿ ಹಾಕತೊಡಗಿದವು. ಗದ್ದಲ ತಣ್ಣಗಾಗಿ ಹಿತವಾದ ಗುಂಯ್ ಆಯಿತು. ಬದುಕಿಕೊಂಡವು! ಜೇನಣ್ಣ ಊದಿದ ಕಿವಿ ಹಿಡಿದುಕೊಂಡು ಅಲ್ಲೇ ಕುಸಿದು ಕೂತ. ಅವನ ಕಣ್ಣಲ್ಲಿ ನೀರಿತ್ತು.

"ಟಕ್" ಎಂದಿತು.

ಅವನು ತಲೆಯೆತ್ತಿದ. ಕೆಳಗಿಳಿದು ಬಾಗಿಲ ಹಿಡಿಗೆ ಬೆರಳು ತಾಗಿಸಿದ. ಬಾಗಿಲು ತೆರೆದುಕೊಂಡಿತು. ಒಳಗೆ ನುಗ್ಗಿ, ಹಾಕಿಕೊಂಡು, ಸೀಟಿಗೆ ಒರಗಿದ. ತಣ್ಣನೆ ಗಾಳಿ ಮುಖಕ್ಕೆ ಬಡಿಯಿತು. ಗಾಡಿಯ ತೆರೆಯಿಂದಲೇ ಆ ಹುಡುಗಿಯ ದನಿ ಬಂತು.

"ಸಾರ್, ಕೇಳಿಸ್ತಿದ್ಯಾ? ನನಗೆ ಮನಸ್ಸು ತಡೀಲಿಲ್ಲ. ಮೇಲಿನವರ ಹತ್ರ ಹೋಗಿ ಜಗಳ ಆಡಿ, ಓಟಿಪಿ ಇಲ್ದೆನೇ ತೆಗೆಸಿಬಿಟ್ಟೆ. ಖುಷಿನಾ ಸಾರ್?"

"ಯಾವಾಗ ತೆಗೆದೆ ತಾಯಿ?"

"ಈಗ ತಾನೇ ಸಾರ್. ಇನ್ನೂ ಒಂಬತ್ತು ಕಾಲು. ದಾರಿ ಪೂರ್ತಿ ಖಾಲಿ ಇದೆ, ಇಲ್ಲಿ ಕಾಣ್ತಿದೆ. ಹನ್ನೊಂದು ನಿಮಿಷದಲ್ಲಿ ನಿಮ್ಮ ತೋಟ. ಹೊರಡಿ!"

ಜೇನಣ್ಣ ಗೇರು ಹಾಕಲು ಕೈ ಚಾಚಿದ. ಕೈ ಅಲ್ಲೇ ನಿಂತಿತು. ಅವನು ಮೆಲ್ಲಗೆ ಕನ್ನಡಿಯಲ್ಲಿ ಹಿಂದಕ್ಕೆ ನೋಡಿದ. ಅರ್ಧದಷ್ಟು ಹುಳುಗಳು ಹೊರಗೆ ಹೋಗಿಬಿಟ್ಟಿದ್ದವು, ಪೆಟ್ಟಿಗೆ ಎಲ್ಲಿದೆಯೆಂದು ಚೆನ್ನಾಗಿ ಗುರುತು ಮಾಡಿಕೊಂಡು. ಈಗ ಗಾಡಿ ಕದಲಿದರೆ ಅವು ಬಂದು ಈ ಬೀದಿಯಲ್ಲೇ ಮನೆ ಹುಡುಕುತ್ತ ಸಾಯುತ್ತವೆ.

ಮೇಷ್ಟ್ರ ಕಿಟಕಿ ಒಂದು ಬೆರಳಷ್ಟು ತೆರೆಯಿತು. "ಬಾಗಿಲು ತೆಗೀತಲ್ರೀ! ಇನ್ನೇನು, ಹೊರಡ್ರಿ ಮಾರಾಯ್ರೆ!"

ಅವನು ಗಾಜನ್ನು ಒಂದು ಬೆರಳಷ್ಟು ಇಳಿಸಿದ. "ಆಗಲ್ಲ ಮೇಷ್ಟ್ರೆ. ಅವೆಲ್ಲ ವಾಪಸ್ ಮನೆಗೆ ಬರ್ಬೇಕು."

"ಯಾವಾಗ ಬರ್ತವೆ?"

"ಹೊತ್ತು ಮುಳುಗಿದ ಮೇಲೆ."

ಕಿಟಕಿ ದಢಾರನೆ ಮುಚ್ಚಿಕೊಂಡಿತು.

"ಸಾರ್," ಎಂದಳು ತೆರೆಯೊಳಗಿನ ಹುಡುಗಿ, ಆತಂಕದಿಂದ. "ಗಾಡಿ ಇನ್ನೂ ನಿಂತಲ್ಲೇ ಇದೆ ಅಂತ ತೋರಿಸ್ತಿದೆ. ಗಾಡಿಗೆ ಮತ್ತೇನಾದ್ರೂ ತೊಂದರೆನಾ?"

"ಗಾಡಿಗೇನೂ ತೊಂದರೆ ಇಲ್ಲ ಕಣಮ್ಮ," ಎಂದ ಜೇನಣ್ಣ, ಊದಿದ ಕಿವಿಯನ್ನು ತಣ್ಣನೆಯ ಗಾಜಿಗೆ ಒತ್ತಿಕೊಂಡು. "ಓಡೋದೊಂದೇ ಬಾಕಿ."